ಮೈತ್ರಿಯ ಮಕ್ಕಳು ಮತ್ತು ಕೂನೂರಿನ ಇಲಿಗಳು: ಆಹಾರ–ಆರೋಗ್ಯ ವಾದಗಳಲ್ಲಿ ಹೇತುವಿನ ಪರೀಕ್ಷೆ

ಆಹಾರಕ್ಕೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತ ಮಾತುಗಳಲ್ಲಿ ಬಹುಪಾಲು ‘ಆದುದರಿಂದ’ ಎಂಬ ಒಂದೇ ಪದದ ಮೇಲೆ ನಿಂತಿರುತ್ತವೆ. ಅವರು ಮಾಂಸ ತಿನ್ನುವವರು, ಆದುದರಿಂದ ಬಲಿಷ್ಠರು. ಇವರು ಸಸ್ಯಾಹಾರಿಗಳು, ಆದುದರಿಂದ ನೀರೋಗಿಗಳು. ಅಜ್ಜ ಸೂರ್ಯಾಸ್ತಕ್ಕೆ ಮೊದಲೇ ಉಣ್ಣುತ್ತಿದ್ದರು, ಆದುದರಿಂದ ತೊಂಬತ್ತು ವರ್ಷ ಬದುಕಿದರು. ಎರಡೂ ಸಂಗತಿಗಳು ನಿಜವಿರಬಹುದು. ಪ್ರಶ್ನೆ ಇರುವುದು ನಡುವಿನ ಪದದಲ್ಲಿ. ಅದನ್ನು ಪರೀಕ್ಷಿಸುವ ಸಾಧನಗಳು ನಮ್ಮ ತರ್ಕಶಾಸ್ತ್ರದಲ್ಲಿವೆ. ಜೈನ ತಾರ್ಕಿಕರು ಅವುಗಳನ್ನು ಬಹಳ ಹರಿತಗೊಳಿಸಿದ್ದಾರೆ. ಆ ಸಾಧನಗಳನ್ನು ಕೈಯಲ್ಲಿ ಹಿಡಿದು, ಒಂಬತ್ತನೆಯ ಶತಮಾನದ ಒಂದು ರಾಜಸಭೆಯಿಂದ ಇಪ್ಪತ್ತನೆಯ ಶತಮಾನದ ಒಂದು ಪ್ರಯೋಗಶಾಲೆಯವರೆಗಿನ ಕೆಲವು ವಾದಗಳನ್ನು ನೋಡುವುದು ಈ ಲೇಖನದ ಉದ್ದೇಶ. ನಮಗೆ ಅಪ್ರಿಯವಾದ ವಾದಗಳಂತೆಯೇ ಪ್ರಿಯವಾದ ವಾದಗಳನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕಾಗುತ್ತದೆ.

ಮೂರು ಲಕ್ಷಣ ಸಾಲದು

ಬೌದ್ಧ ತಾರ್ಕಿಕರು ಸಮರ್ಥವಾದ ಹೇತುವಿಗೆ ಮೂರು ಲಕ್ಷಣಗಳನ್ನು ಹೇಳಿದರು. ಹೇತು ಪಕ್ಷದಲ್ಲಿ ಇರಬೇಕು, ಸಪಕ್ಷದಲ್ಲಿ ಇರಬೇಕು, ವಿಪಕ್ಷದಲ್ಲಿ ಇರಬಾರದು. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ಬೆಟ್ಟದಲ್ಲಿ ಹೊಗೆ ಇದೆ, ಬೆಂಕಿಯಿರುವ ಅಡುಗೆಮನೆಯಲ್ಲಿ ಅದು ಇದೆ, ಬೆಂಕಿಯಿಲ್ಲದ ಕೊಳದಲ್ಲಿ ಇಲ್ಲ. ಇದಿಷ್ಟೇ ಸಾಲದೆಂದು ವಾದಿಸಿದವರು ಪಾತ್ರಸ್ವಾಮಿ ಅಥವಾ ಪಾತ್ರಕೇಸರಿ ಎಂದು ಪ್ರಸಿದ್ಧರಾದ ಜೈನಾಚಾರ್ಯರು. ಅವರ ‘ತ್ರಿಲಕ್ಷಣಕದರ್ಥನ’ ಇಂದು ಉಳಿದಿಲ್ಲ. ಆದರೆ ಎಂಟನೆಯ ಶತಮಾನದ ಬೌದ್ಧ ವಿದ್ವಾಂಸ ಶಾಂತರಕ್ಷಿತನು ತನ್ನ ‘ತತ್ತ್ವಸಂಗ್ರಹ’ದಲ್ಲಿ ಖಂಡಿಸುವುದಕ್ಕಾಗಿಯೇ ಅವರ ವಾದವನ್ನು ಎತ್ತಿಕೊಂಡಿರುವುದರಿಂದ ಅದರ ಸಾರ ನಮಗೆ ದೊರೆತಿದೆ. ಪದ್ಮಾವತೀದೇವಿಯ ನೆರವಿನಿಂದ ಅವರು ಈ ಖಂಡನೆಯನ್ನು ಸಾಧಿಸಿದರೆಂಬ ಐತಿಹ್ಯವನ್ನು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯೂ ಸ್ಮರಿಸುತ್ತದೆ.

ಪಾತ್ರಸ್ವಾಮಿಯ ಪ್ರಕಾರ ಹೇತುವಿಗೆ ಬೇಕಾದ ಲಕ್ಷಣ ಒಂದೇ: ಅನ್ಯಥಾನುಪಪನ್ನತ್ವ. ಸಾಧ್ಯವಿಲ್ಲದೆ ಹೋದರೆ ಹೇತುವೂ ಸಂಭವಿಸಬಾರದು. ಅಕಲಂಕ, ಮಾಣಿಕ್ಯನಂದಿ, ಪ್ರಭಾಚಂದ್ರರಿಂದ ಹಿಡಿದು ವಿಜಯನಗರ ಕಾಲದ ಅಭಿನವ ಧರ್ಮಭೂಷಣನ ‘ನ್ಯಾಯದೀಪಿಕೆ’ಯವರೆಗೆ ಜೈನ ನ್ಯಾಯ ಈ ನಿಲುವನ್ನು ಬಿಟ್ಟುಕೊಡಲಿಲ್ಲ. ಇದರ ಸಮರ್ಥನೆಗೆ ಬರುವ ಪ್ರಸಿದ್ಧ ಉದಾಹರಣೆಯೇ ಮೈತ್ರಿಯ ಮಗನದು. ಮೈತ್ರಿ ಎಂಬವಳ ಮಕ್ಕಳೆಲ್ಲರೂ ಕಪ್ಪು. ಅವಳ ಗರ್ಭದಲ್ಲಿರುವ ಮಗುವೂ ಅವಳದೇ. ಆದುದರಿಂದ ಅದೂ ಕಪ್ಪಾಗಿರುತ್ತದೆ. ಮೂರು ಲಕ್ಷಣಗಳೂ ಇಲ್ಲಿ ಕೂಡಿಬಂದಿವೆ. ಆದರೂ ಹುಟ್ಟುವ ಮಗು ಬೆಳ್ಳಗಿರಲು ಅಡ್ಡಿಯೇನೂ ಇಲ್ಲ. ಸಾಹಚರ್ಯ ಇದೆ, ಅವಿನಾಭಾವ ಇಲ್ಲ.

ಇದೇ ಉದಾಹರಣೆಯನ್ನು ನೈಯಾಯಿಕರು ಇನ್ನೊಂದು ದಾರಿಯಿಂದ ಬಿಡಿಸಿದರು. ಈ ಅನುಮಾನದಲ್ಲಿ ಒಂದು ‘ಉಪಾಧಿ’ ಅಡಗಿದೆ ಎಂದರು. ಸಾಧ್ಯವಿರುವಲ್ಲೆಲ್ಲ ಇರುವ, ಆದರೆ ಹೇತುವಿರುವಲ್ಲೆಲ್ಲ ಇರದ ಮೂರನೆಯ ಸಂಗತಿಯೇ ಉಪಾಧಿ. ಮೈತ್ರಿಯ ಮಕ್ಕಳ ವಿಷಯದಲ್ಲಿ ಆ ಉಪಾಧಿ ಯಾವುದು? ‘ಶಾಕಪಾಕಜತ್ವ’, ಎಂದರೆ ತಾಯಿ ಬಸುರಿನಲ್ಲಿ ಸೊಪ್ಪುತರಕಾರಿ ತಿಂದುದರ ಪರಿಣಾಮ. ಮಕ್ಕಳು ಕಪ್ಪಾದದ್ದು ಮೈತ್ರಿಯ ಮಕ್ಕಳಾದುದರಿಂದಲ್ಲ, ಅವಳು ಆಗ ತಿಂದ ಸೊಪ್ಪಿನಿಂದ. ಈ ಸಲ ಅವಳು ಅದನ್ನು ತಿಂದಿರದಿದ್ದರೆ ಅನುಮಾನ ಬಿದ್ದುಹೋಗುತ್ತದೆ.

ಭಾರತೀಯ ತರ್ಕದಲ್ಲಿ ಮರೆಯಾದ ಮೂರನೆಯ ಕಾರಣವನ್ನು ತೋರಿಸಲು ಆಯ್ದ ಶಾಸ್ತ್ರೀಯ ನಿದರ್ಶನ ಆಹಾರಕ್ಕೆ ಸಂಬಂಧಿಸಿದ್ದೇ ಆಗಿರುವುದು ಗಮನಾರ್ಹ. ಅದಕ್ಕಿಂತ ಗಮನಾರ್ಹವಾದುದು ಇನ್ನೊಂದಿದೆ. ಸೊಪ್ಪು ತಿಂದರೆ ಮಗು ಕಪ್ಪಾಗುತ್ತದೆ ಎಂಬ ಮಾತನ್ನು ಯಾರು ಪರೀಕ್ಷಿಸಿದ್ದರು? ಒಂದು ದುರ್ಬಲ ಹೇತುವನ್ನು ತೆಗೆದುಹಾಕಲು ತಾರ್ಕಿಕರು ಲೋಕದಲ್ಲಿ ಪ್ರಚಲಿತವಾಗಿದ್ದ, ಪರೀಕ್ಷೆಗೊಳಗಾಗದ ಇನ್ನೊಂದು ಹೇತುವನ್ನು ತಂದು ಕೂರಿಸಿದರು. ದೋಷವನ್ನು ತೋರಿಸುವ ಕೆಲಸಕ್ಕೆ ಅಷ್ಟು ಸಾಕು. ನಿಜವಾದ ಕಾರಣವನ್ನು ಸ್ಥಾಪಿಸುವ ಕೆಲಸಕ್ಕೆ ಸಾಲದು. ಈ ಎರಡು ಕೆಲಸಗಳ ಅಂತರವನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಮುಂದಿನ ನಿದರ್ಶನಗಳು ತೋರಿಸುತ್ತವೆ.

ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯ

ಕರ್ನಾಟಕದ ಜೈನ ವೈದ್ಯಪರಂಪರೆ ಸಣ್ಣದಲ್ಲ. ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ, ವಿಷವೈದ್ಯವನ್ನು ಕುರಿತು ಮಂಗರಾಜ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ. ಪ್ರಸ್ತುತ ವಿಷಯಕ್ಕೆ ಮುಖ್ಯನಾದವನು ಉಗ್ರಾದಿತ್ಯ. ಶ್ರೀನಂದಿಯ ಶಿಷ್ಯನಾದ ಈತನ ಸಂಸ್ಕೃತ ‘ಕಲ್ಯಾಣಕಾರಕ’ 25 ಅಧ್ಯಾಯಗಳ ಬೃಹತ್ ಕೃತಿ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಸಂಪಾದಿಸಿ ಸೋಲಾಪುರದಿಂದ ಪ್ರಕಟಿಸಿದರು. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿರುವುದು ಇದರ ವೈಶಿಷ್ಟ್ಯ. ಕೊನೆಗೆ ಸೇರಿರುವ ‘ಹಿತಾಹಿತಾಧ್ಯಾಯ’ದಲ್ಲಿ, ನೃಪತುಂಗನ ಆಸ್ಥಾನದಲ್ಲಿ ವಿದ್ವಾಂಸರ ಮತ್ತು ವೈದ್ಯರ ಸಮ್ಮುಖದಲ್ಲಿ ಮಾಂಸಾಹಾರದ ನಿಷ್ಫಲತೆಯನ್ನು ಪ್ರತಿಪಾದಿಸಿದ ಸಂಗತಿ ಬರುತ್ತದೆ. 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷನೇ ಈ ನೃಪತುಂಗನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಆ ಕಾಲದ ವೈದ್ಯರ ಎದುರಿಗೆ ಈ ಪ್ರತಿಪಾದನೆ ಸುಲಭದ್ದಾಗಿರಲಿಲ್ಲ. ಚರಕ, ಸುಶ್ರುತ ಸಂಹಿತೆಗಳು ಮಾಂಸವರ್ಗವನ್ನು ವಿಸ್ತಾರವಾಗಿ ವಿವರಿಸುತ್ತವೆ. ರಾಜಯಕ್ಷ್ಮದಂಥ ಕ್ಷಯರೋಗಗಳಿಗೆ ಮಾಂಸರಸವನ್ನು ಚರಕಸಂಹಿತೆ ವಿಧಿಸುತ್ತದೆ. ಇಲ್ಲಿ ಬಿಡಿಸಿ ನೋಡಬೇಕಾದ ಪ್ರಶ್ನೆಗಳು ಮೂರು. ಮಾಂಸಭಕ್ಷಣೆ ಪಾಪವೇ? ಆರೋಗ್ಯಕ್ಕೆ ಮಾಂಸ ಅನಿವಾರ್ಯವೇ? ಮಾಂಸ ಆರೋಗ್ಯಕ್ಕೆ ಹಾನಿಕರವೇ? ಮೊದಲನೆಯದಕ್ಕೆ ಹೌದೆಂದರೆ ಮೂರನೆಯದಕ್ಕೂ ಹೌದೆನ್ನಬೇಕಾಗಿಲ್ಲ. ಅಧರ್ಮವಾದುದೆಲ್ಲವೂ ಅಪಥ್ಯವಾಗಿರಲೇಬೇಕೆಂಬ ವ್ಯಾಪ್ತಿ ಯಾವ ಪ್ರಮಾಣದಿಂದಲೂ ಸಿದ್ಧವಾಗಿಲ್ಲ. ಎರಡನೆಯ ಪ್ರಶ್ನೆಯ ಸ್ವರೂಪವೇ ಬೇರೆ. ‘ಮಾಂಸವಿಲ್ಲದೆ ರೋಗಿ ಚೇತರಿಸಿಕೊಳ್ಳನು’ ಎಂಬುದು ವ್ಯಾಪ್ತಿವಾಕ್ಯ. ಅದನ್ನು ಮುರಿಯಲು ಮಾಂಸವಿಲ್ಲದೆ ಚೇತರಿಸಿಕೊಂಡ ರೋಗಿಗಳನ್ನು ತೋರಿಸಿದರೆ ಸಾಕು, ಮಾಂಸ ವಿಷವೆಂದು ಸಾಧಿಸುವ ಹೊರೆ ಹೊರಬೇಕಾಗಿಲ್ಲ. ಆದುದರಿಂದ ಉಗ್ರಾದಿತ್ಯನ ಶಕ್ತಿಯುತವಾದ ವಾದವನ್ನು ನಾವು ಸಭೆಯ ಭಾಷಣಕ್ಕಿಂತ ಹೆಚ್ಚಾಗಿ ಆ 25 ಅಧ್ಯಾಯಗಳಲ್ಲಿ ಕಾಣಬೇಕು. ಮಾಂಸವನ್ನೂ ಮದ್ಯವನ್ನೂ ಬಿಟ್ಟು ಒಂದು ಪೂರ್ಣ ವೈದ್ಯಪದ್ಧತಿಯನ್ನು ಕಟ್ಟಬಹುದೆಂಬ ನಿರೂಪಣೆಯೇ ಅನಿವಾರ್ಯತೆಯ ವಾದಕ್ಕೆ ಉತ್ತರ.

ಆಳುವವರ ಎತ್ತರ

ಸಾವಿರ ವರ್ಷಗಳ ಅನಂತರ ಅದೇ ಅನಿವಾರ್ಯತೆಯ ವಾದ ಬೇರೊಂದು ವೇಷದಲ್ಲಿ ಬಂದಿತು. ಗುಜರಾತಿ ಕವಿ ನರ್ಮದನದೆಂದು ಹೇಳುವ ಒಂದು ಪದ್ಯ ರಾಜಕೋಟೆಯ ಶಾಲಾಬಾಲಕರ ಬಾಯಲ್ಲಿತ್ತೆಂದು ಗಾಂಧೀಜಿ ಆತ್ಮಕಥೆಯಲ್ಲಿ ನೆನೆಯುತ್ತಾರೆ. ಆಂಗ್ಲರು ಮಾಂಸ ತಿನ್ನುವುದರಿಂದಲೇ ಎತ್ತರವಾಗಿದ್ದಾರೆ, ಭಾರತೀಯರನ್ನು ಆಳುತ್ತಿದ್ದಾರೆ ಎಂಬುದು ಅದರ ತಾತ್ಪರ್ಯ. ಮಾಂಸ ತಿನ್ನುವ ಗೆಳೆಯನೊಬ್ಬನ ಓಟ, ಜಿಗಿತ, ಧೈರ್ಯಗಳನ್ನು ಕಣ್ಣಾರೆ ಕಂಡ ಬಾಲಕ ಮೋಹನದಾಸನಿಗೆ ಅದು ನಿಜವೆನಿಸಿತು. ಕೆಲಕಾಲ ಗುಟ್ಟಾಗಿ ಮಾಂಸ ತಿಂದದ್ದೂ ಆಯಿತು.

ಈ ಅನುಮಾನದ ಆಕರ್ಷಣೆಗೆ ಕಾರಣ ಅದರ ಸಪಕ್ಷದ ಹೊಳಪು. ಆಂಗ್ಲರು ಮಾಂಸ ತಿನ್ನುತ್ತಿದ್ದುದೂ ಆಳುತ್ತಿದ್ದುದೂ ಎಲ್ಲರಿಗೂ ಕಾಣುತ್ತಿತ್ತು. ಆದರೆ ಅದೇ ಆಂಗ್ಲರಿಗೆ ಸೋತ ಭಾರತೀಯ ಅರಸರಲ್ಲಿ, ಸೈನಿಕರಲ್ಲಿ ಮಾಂಸ ತಿನ್ನುವವರು ಅಸಂಖ್ಯರಿದ್ದರು. ಹೇತು ಇದ್ದು ಸಾಧ್ಯವಿಲ್ಲದ ಈ ನಿದರ್ಶನಗಳು ಕಣ್ಣೆದುರೇ ಇದ್ದರೂ ಪದ್ಯದ ಪ್ರಾಸ ಅವುಗಳನ್ನು ಮುಚ್ಚಿಬಿಟ್ಟಿತು. ಹಡಗು, ಫಿರಂಗಿ, ಬಂಡವಾಳ, ದೇಶೀಯ ರಾಜರ ಒಳಜಗಳ ಇವೆಲ್ಲ ಉಪಾಧಿಗಳಾಗಿ ಹಿಂದೆ ನಿಂತಿದ್ದವು.

ಗಾಂಧೀಜಿ ಮಾಂಸವನ್ನು ಬಿಟ್ಟದ್ದು ಈ ತರ್ಕದೋಷವನ್ನು ಕಂಡುಹಿಡಿದಲ್ಲ. ತಂದೆತಾಯಿಯರಿಗೆ ಸುಳ್ಳು ಹೇಳಬೇಕಾಗುತ್ತದೆ ಎಂಬ ಕಾರಣಕ್ಕೆ. 1888ರಲ್ಲಿ ವಿಲಾಯತಿಗೆ ಹೊರಟಾಗ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ವರ್ಜಿಸುವ ಪ್ರತಿಜ್ಞೆಯನ್ನು ಅವರಿಂದ ಮಾಡಿಸಿದವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುಗಳು.

ಸರಿಯಾದ ಮದ್ದು, ತಪ್ಪು ಹೇತು

ಫಲ ನಿಜವಾಗಿದ್ದು ಹೇತು ತಪ್ಪಾಗಿರುವ ಸಂದರ್ಭವೂ ಉಂಟು. ಅದಕ್ಕೆ ಜಪಾನಿನ ನೌಕಾಪಡೆಯ ಚರಿತ್ರೆ ಉತ್ತಮ ನಿದರ್ಶನ. 1882–83ರಲ್ಲಿ ದೀರ್ಘಯಾನ ಹೊರಟ ‘ರ್‍ಯೂಜೊ’ ನೌಕೆಯ 376 ಮಂದಿಯಲ್ಲಿ 169 ಮಂದಿಗೆ ಬೆರಿಬೆರಿ ಬಂದಿತು. 25 ಮಂದಿ ಸತ್ತರು. ನೌಕಾವೈದ್ಯ ತಕಾಕಿ ಕಾನೆಹಿರೊ, ಬಿಳಿಯ ಅಕ್ಕಿಯೇ ಪ್ರಧಾನವಾದ ಊಟದಲ್ಲಿ ಸಸಾರಜನಕದ ಕೊರತೆಯಿರುವುದೇ ರೋಗಕ್ಕೆ ಕಾರಣವೆಂದು ತರ್ಕಿಸಿದ. 1884ರಲ್ಲಿ ‘ತ್ಸುಕುಬಾ’ ನೌಕೆಯನ್ನು ಅದೇ ಮಾರ್ಗದಲ್ಲಿ, ಮಾಂಸ, ಹಾಲು, ತರಕಾರಿಗಳನ್ನು ಹೆಚ್ಚಿಸಿದ ಊಟದೊಡನೆ ಕಳುಹಿಸಲಾಯಿತು. ರೋಗ ಕಾಣಿಸಿದ್ದು ಕೆಲವರಿಗೆ ಮಾತ್ರ. ಸಾವು ಒಂದೂ ಆಗಲಿಲ್ಲ. ಮುಂದೆ ನೌಕಾಪಡೆಯ ಅನ್ನಕ್ಕೆ ಬಾರ್ಲಿಯನ್ನು ಬೆರೆಸಿದರು. ರೋಗ ಬಹುಮಟ್ಟಿಗೆ ಮಾಯವಾಯಿತು.

ಮಾರ್ಗ ಒಂದೇ, ಊಟ ಬೇರೆ, ಫಲ ಬೇರೆ: ಅನ್ವಯವ್ಯತಿರೇಕಗಳು ಎಷ್ಟು ಸ್ಪಷ್ಟವಾಗಿವೆ! ಇದನ್ನು ನೋಡಿದ ಯಾರಾದರೂ ಬೆರಿಬೆರಿಗೆ ಮಾಂಸವೇ ಮದ್ದು ಎಂದಿದ್ದರೆ ಅದು ಸಹಜ. ಆದರೆ ಬದಲಾದದ್ದು ಒಂದು ಪದಾರ್ಥವಲ್ಲ, ಇಡೀ ಊಟ. ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಕೋಳಿಗಳ ಮೇಲೆ ನಡೆಸಿದ ಅಧ್ಯಯನಗಳು ಪಾಲಿಶ್ ಮಾಡಿದ ಅಕ್ಕಿಯ ಕಡೆಗೂ ಅದರ ತೌಡಿನ ಕಡೆಗೂ ಬೆರಳು ಮಾಡಿದವು. ಆತನೂ ಮೊದಲು ಅಕ್ಕಿಯಲ್ಲಿ ವಿಷವಿದೆ, ತೌಡು ಅದರ ಪ್ರತಿವಿಷ ಎಂದೇ ಭಾವಿಸಿದ್ದ. ಕೊರತೆಯಿದ್ದದ್ದು ಮುಂದೆ ಥಯಮಿನ್ ಎಂದು ಹೆಸರಾದ ಜೀವಸತ್ವದ್ದು. ಅದು ಮಾಂಸದಲ್ಲಿದೆ, ಬಾರ್ಲಿಯಲ್ಲಿದೆ, ಬೇಳೆಯಲ್ಲಿದೆ, ಬಿಸಾಡುತ್ತಿದ್ದ ತೌಡಿನಲ್ಲಿಯೂ ಇದೆ.

ಈ ಕಥೆಗೆ ಸಾಹಿತ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಉಪಕಥೆಯೊಂದಿದೆ. ಜಪಾನಿನ ಭೂಸೇನೆಯ ಹಿರಿಯ ವೈದ್ಯರು ತಕಾಕಿಯ ಸಸಾರಜನಕ ಸಿದ್ಧಾಂತವನ್ನು ಒಪ್ಪಲಿಲ್ಲ; ಬೆರಿಬೆರಿ ಸೋಂಕುರೋಗವೆಂದೇ ನಂಬಿದರು. ಅವರಲ್ಲೊಬ್ಬ ಆಧುನಿಕ ಜಪಾನಿ ಸಾಹಿತ್ಯದ ಮಹಾಲೇಖಕ ಮೋರಿ ಓಗಾಯಿ. ತಕಾಕಿಯ ಹೇತು ದುರ್ಬಲವೆಂಬ ಅವರ ಆಕ್ಷೇಪದಲ್ಲಿ ಹುರುಳಿತ್ತು. ಸಿದ್ಧಾಂತ ತಪ್ಪೇ ಆಗಿತ್ತು. ಆದರೆ ಹೇತುವಿನ ದೋಷವನ್ನು ಹಿಡಿದುಕೊಂಡು ಅವರು ಫಲವನ್ನೂ ತಳ್ಳಿಹಾಕಿದರು, ಬಿಳಿ ಅಕ್ಕಿಯನ್ನು ಮುಂದುವರಿಸಿದರು. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ಬೆರಿಬೆರಿಯಿಂದ ಸತ್ತ ಸೈನಿಕರ ಸಂಖ್ಯೆ 20,000ಕ್ಕೂ ಹೆಚ್ಚು. ವಾದದ ದೋಷವನ್ನು ಕಂಡುಹಿಡಿಯುವವನಿಗೆ ಇದೊಂದು ಎಚ್ಚರಿಕೆ. ಹೇತ್ವಾಭಾಸವನ್ನು ತೋರಿಸಿದ ಮಾತ್ರಕ್ಕೆ ಸಾಧ್ಯವು ಸುಳ್ಳಾಗುವುದಿಲ್ಲ. ಅದು ಆ ಹೇತುವಿನಿಂದ ಸಿದ್ಧವಾಗಲಿಲ್ಲ ಎಂದಷ್ಟೇ ಅರ್ಥ.

ಕೂನೂರಿನ ಪಂಜರಗಳಲ್ಲಿ ‘ಕನ್ನಡಿಗರ ಊಟ’

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಪ್ರಯೋಗವೊಂದು ನೀಲಗಿರಿಯ ಕೂನೂರಿನಲ್ಲಿ ನಡೆಯಿತು. ಅಲ್ಲಿ ಪೋಷಣಾ ಸಂಶೋಧನಾಲಯವನ್ನು ಕಟ್ಟಿದ ರಾಬರ್ಟ್ ಮೆಕ್ಯಾರಿಸನ್ (1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಸಂಸ್ಥೆಯ ಮೂಲ ಇದೇ) ಭಾರತದ ಬೇರೆಬೇರೆ ಜನವರ್ಗಗಳ ಊಟವೆಂದು ತಾನು ಗುರುತಿಸಿದ ಏಳು ಬಗೆಯ ಆಹಾರಗಳನ್ನು ಏಳು ಗುಂಪುಗಳ ಇಲಿಗಳಿಗೆ ಕೊಟ್ಟು ಬೆಳವಣಿಗೆಯನ್ನು ಅಳೆದ. ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಪುಷ್ಟವಾಗಿ ಬೆಳೆದವು. ಪಠಾಣರ, ಮರಾಠರ, ಗೂರ್ಖರ ಊಟದವು ಅವುಗಳ ಹಿಂದೆ. ಕನ್ನಡಿಗರ ಮತ್ತು ಬಂಗಾಳಿಗಳ ಊಟದವು ಇನ್ನೂ ಹಿಂದೆ. ಮದರಾಸಿಗಳ ಊಟದವು ಎಲ್ಲಕ್ಕಿಂತ ಕೆಳಗೆ.

ಪ್ರಯೋಗದ ಬಲವನ್ನು ಮೊದಲು ಒಪ್ಪಬೇಕು. ಗುಂಪುಗಳ ಇಲಿಗಳು ವಯಸ್ಸಿನಲ್ಲಿ, ತೂಕದಲ್ಲಿ ಆರಂಭಕ್ಕೆ ಸಮಾನವಾಗಿದ್ದವು. ವಾಸದ ಸ್ಥಿತಿ ಒಂದೇ. ಭೇದ ಊಟದ್ದು ಮಾತ್ರ. ಆದುದರಿಂದ ಇಲಿಗಳ ಬೆಳವಣಿಗೆಯ ವ್ಯತ್ಯಾಸಕ್ಕೆ ಊಟವೇ ಕಾರಣವೆಂಬ ಮಾತು ದೃಢವಾದುದು. ದೌರ್ಬಲ್ಯ ಆರಂಭವಾಗುವುದು ಅಲ್ಲಿಂದ ಮುಂದಿನ ಮೂರು ಹೆಜ್ಜೆಗಳಲ್ಲಿ.

ಮೊದಲನೆಯದು, ಊಟದ ಯಾವ ಅಂಶ ಕಾರಣ ಎಂಬ ಪ್ರಶ್ನೆ. ಸಿಖ್ಖರ ಊಟದಲ್ಲಿ ಇಡೀ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ, ಹಣ್ಣು ಇದ್ದವು, ಮಾಂಸ ಆಗಾಗ. ಮದರಾಸಿಗಳ ಊಟದಲ್ಲಿ ಪಾಲಿಶ್ ಮಾಡಿ ತೊಳೆದ ಅಕ್ಕಿ ಪ್ರಧಾನ, ಹಾಲು ಅತ್ಯಲ್ಪ. ಇವೆರಡರ ಹೋಲಿಕೆಯಿಂದ ಮಾಂಸದ ಮಹಿಮೆಯನ್ನು ಸಾಧಿಸುವುದು ರ್‍ಯೂಜೊ–ತ್ಸುಕುಬಾ ಹೋಲಿಕೆಯಷ್ಟೇ ತಪ್ಪು. ಮೆಕ್ಯಾರಿಸನ್ ಸ್ವತಃ ಒತ್ತಿ ಹೇಳಿದ್ದು ಪಾಲಿಶ್ ಮಾಡದ ಧಾನ್ಯ, ಹಾಲು, ಸೊಪ್ಪುತರಕಾರಿಗಳನ್ನು.

ಎರಡನೆಯದು, ಜನಾಂಗದ ಹೆಸರು. ‘ಕನ್ನಡಿಗರ ಊಟ’ ಎಂಬ ಒಂದು ಊಟ ಎಲ್ಲಿದೆ? ಕರಾವಳಿಯ ಕುಚ್ಚಲಕ್ಕಿಯ ಗಂಜಿ, ಹಳೆಯ ಮೈಸೂರಿನ ರಾಗಿಮುದ್ದೆ, ಬಿಜಾಪುರದ ಜೋಳದ ರೊಟ್ಟಿ ಇವುಗಳಲ್ಲಿ ಯಾವುದು ಇಲಿಯ ಪಂಜರಕ್ಕೆ ಹೋದರೂ ಉಳಿದವು ಹೊರಗೇ ಉಳಿಯುತ್ತವೆ. ಒಂದೇ ಊರಿನಲ್ಲಿ ಹಸುವಿರುವ ಒಕ್ಕಲಿಗನ ಮನೆಯ ಊಟಕ್ಕೂ ಕೂಲಿಯವನ ಊಟಕ್ಕೂ ಇರುವ ಅಂತರ ಎರಡು ಪ್ರಾಂತಗಳ ಅಂತರಕ್ಕಿಂತ ದೊಡ್ಡದು. ಜನಾಂಗದ ಹೆಸರು ಬಡತನವನ್ನು ಮರೆಮಾಡುತ್ತದೆ.

ಮೂರನೆಯದು, ಇಲಿಗಳಿಂದ ಜನಾಂಗಗಳಿಗೆ ಹಿಂದಿರುಗುವ ಹೆಜ್ಜೆ. 1857ರ ಅನಂತರ ಬ್ರಿಟಿಷರು ‘ಯೋಧ ಜನಾಂಗ’ಗಳೆಂದು ಕರೆದವರನ್ನು ಸೈನ್ಯಕ್ಕೆ ಹೆಚ್ಚಾಗಿ ಸೇರಿಸಿಕೊಂಡರು. ಸೇರಿಸಿಕೊಳ್ಳುವಾಗ ಎತ್ತರ, ಎದೆಯಳತೆಗಳನ್ನು ನೋಡಿ ಆರಿಸಿದರು. ಆರಿಸಿದ ಸಿಪಾಯಿಗಳನ್ನು ನೋಡಿ ಇಡೀ ಜನಾಂಗವೇ ಬಲಿಷ್ಠವೆಂದರು. ಬಲವಿದ್ದವರನ್ನು ಆರಿಸಿಕೊಂಡು, ಆಮೇಲೆ ಅವರ ಬಲಕ್ಕೆ ಅವರ ತಟ್ಟೆಯಲ್ಲಿ ಕಾರಣ ಹುಡುಕುವುದು ಅನ್ಯಥಾಸಿದ್ಧವಾದ ಹೇತುವಿಗೆ ಒಳ್ಳೆಯ ನಿದರ್ಶನ.

ನಮಗೆ ಪ್ರಿಯವಾದ ವಾದಗಳು

ಇಲ್ಲಿಯವರೆಗಿನ ಪರೀಕ್ಷೆ ಮಾಂಸದ ಪರವಾದ ವಾದಗಳದ್ದಾದುದರಿಂದ ಸಸ್ಯಾಹಾರಿ ಓದುಗರಿಗೆ ಹಿತವೆನಿಸಿರಬಹುದು. ಅದೇ ಪರೀಕ್ಷೆಯನ್ನು ತಿರುಗಿಸಿ ನೋಡೋಣ.

ಅಮೆರಿಕದ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರ ದೀರ್ಘಾಯುಷ್ಯವನ್ನು ಸಸ್ಯಾಹಾರದ ಫಲವೆಂದು ಉದಾಹರಿಸುವುದುಂಟು. ಆ ಪಂಥದವರು ಬಹುಪಾಲು ಧೂಮಪಾನವನ್ನೂ ಮದ್ಯವನ್ನೂ ದೂರವಿಟ್ಟವರು. ಹೊರಗಿನವರೊಡನೆ ಅವರನ್ನು ಹೋಲಿಸಿದರೆ ಉಪಾಧಿ ಬಾಗಿಲಲ್ಲೇ ನಿಂತಿರುತ್ತದೆ. ಆದುದರಿಂದಲೇ ಸಂಶೋಧಕರು ಪಂಥದ ಒಳಗಿನ ಸಸ್ಯಾಹಾರಿಗಳನ್ನು ಪಂಥದ ಒಳಗಿನ ಮಾಂಸಾಹಾರಿಗಳೊಡನೆ ಹೋಲಿಸುತ್ತಾರೆ. ಬ್ರಿಟನ್ನಿನಲ್ಲಿ ಸುಮಾರು 48,000 ಮಂದಿಯನ್ನು 18 ವರ್ಷ ಅನುಸರಿಸಿದ ಎಪಿಕ್–ಆಕ್ಸ್‌ಫರ್ಡ್ ಅಧ್ಯಯನದ 2019ರ ವರದಿಯಲ್ಲಿ, ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳಗಳ ರೋಗ ಶೇಕಡ 22ರಷ್ಟು ಕಡಿಮೆ, ಮೆದುಳಿನ ಪಾರ್ಶ್ವವಾಯು ಶೇಕಡ 20ರಷ್ಟು ಹೆಚ್ಚು ಎಂದು ಕಂಡುಬಂದಿತು. ಎರಡೂ ಅವಲೋಕನದ ಫಲಗಳೇ. ಮೊದಲ ಅಂಕಿಯನ್ನು ಕಾರಣವೆಂದು ಸಾರಿ ಎರಡನೆಯದನ್ನು ಕಾಕತಾಳೀಯವೆಂದು ತಳ್ಳಿಹಾಕುವವನು ತರ್ಕ ಮಾಡುತ್ತಿಲ್ಲ, ಪಕ್ಷ ಕಟ್ಟುತ್ತಿದ್ದಾನೆ.

ಮೈತ್ರಿಯ ಸೊಪ್ಪು ಇಲ್ಲಿ ಮತ್ತೆ ನೆನಪಾಗುತ್ತದೆ. ಸೊಪ್ಪು, ಕ್ಯಾರೆಟ್ ಮೊದಲಾದವನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ಅನೇಕ ಅವಲೋಕನಗಳು ಹೇಳಿದವು. ಅವುಗಳಲ್ಲಿರುವ ಬೀಟಾ–ಕ್ಯಾರೊಟಿನ್ ಕಾರಣವಿರಬೇಕೆಂದು ಊಹಿಸಿ ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ಪ್ರಯೋಗ ನಡೆಸಿದರು. ಯಾರಿಗೆ ಮಾತ್ರೆ, ಯಾರಿಗೆ ಬರಿಯ ಹುಸಿಮಾತ್ರೆ ಎಂಬುದು ಯಾದೃಚ್ಛಿಕವಾಗಿ ನಿರ್ಧಾರವಾಗಿತ್ತು. 1994ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು: ಬೀಟಾ–ಕ್ಯಾರೊಟಿನ್ ಪಡೆದವರಲ್ಲಿ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಿತ್ತು. ಸೊಪ್ಪು ತಿನ್ನುವವರ ಬದುಕಿನಲ್ಲಿ ಸೊಪ್ಪಲ್ಲದೆ ಇನ್ನೆಷ್ಟೋ ಸಂಗತಿಗಳಿರುತ್ತವೆ. ಸೊಪ್ಪಿನಲ್ಲಿಯೂ ಕ್ಯಾರೊಟಿನ್ ಅಲ್ಲದೆ ಇನ್ನೆಷ್ಟೋ ಇರುತ್ತದೆ.

ನಮ್ಮ ಶಾಸ್ತ್ರಗ್ರಂಥಗಳೂ ಈ ಪರೀಕ್ಷೆಯಿಂದ ಹೊರತಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ರಾತ್ರಿಭೋಜನವನ್ನು ನಿಷೇಧಿಸುವಾಗ, ಕತ್ತಲಲ್ಲಿ ಊಟದೊಡನೆ ಇರುವೆ ಸೇರಿದರೆ ಬುದ್ಧಿ ಕೆಡುವುದು, ಹೇನು ಸೇರಿದರೆ ಜಲೋದರ ಬರುವುದು, ಜೇಡ ಸೇರಿದರೆ ಕುಷ್ಠ ಬರುವುದು ಎನ್ನುತ್ತಾರೆ. ಇವು ಆ ಕಾಲದ ಲೋಕಜ್ಞಾನದ ಮಾತುಗಳು. ಹೀಗೆಂದು ಒಪ್ಪಿಕೊಳ್ಳುವುದರಿಂದ ಆಚಾರ್ಯರ ಗೌರವ ಕುಂದುವುದಿಲ್ಲ.

ವ್ರತದ ಹೇತು ಯಾವುದು

ಕುಂದುವುದಿಲ್ಲ ಎನ್ನಲು ಕಾರಣ, ವ್ರತದ ಮೂಲಹೇತು ಅಲ್ಲಿಲ್ಲ. ಅಮೃತಚಂದ್ರಸೂರಿಗಳ ‘ಪುರುಷಾರ್ಥಸಿದ್ಧ್ಯುಪಾಯ’ವನ್ನು ಓದಿದವರಿಗೆ ಇದು ಸ್ಪಷ್ಟ. ರಾತ್ರಿಯ ಊಟವನ್ನು ಅವರು ನಿಷೇಧಿಸುವುದು ಹಿಂಸೆಯ ನೆಲೆಯಲ್ಲಿ: ದೀಪ ಹಚ್ಚಿಕೊಂಡರೂ ಅನ್ನಕ್ಕೆ ಬೀಳುವ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದು, ಅದಕ್ಕಿಂತ ಮಿಗಿಲಾಗಿ, ಹೊತ್ತುಗೊತ್ತಿಲ್ಲದ ಊಟದ ಹಿಂದೆ ತೀವ್ರವಾದ ರಾಗವಿದೆ. ಜೀರ್ಣಶಕ್ತಿಯ ಮಾತು ಈ ವಾದದ ಆಧಾರಸ್ತಂಭವಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಪೋಷಣಾಶಾಸ್ತ್ರದ ಲೆಕ್ಕದಲ್ಲಿ ಅದು ಶುದ್ಧ ಸಸ್ಯಾಹಾರವೇ. ಆದರೂ ಯಶೋಧರ ಚಂದ್ರಮತಿಯರು ಜನ್ಮಜನ್ಮಾಂತರಗಳಲ್ಲಿ ಬೆಂದರು. ಹಿಂಸೆ ತಟ್ಟೆಯಲ್ಲಿರಲಿಲ್ಲ, ಸಂಕಲ್ಪದಲ್ಲಿತ್ತು.

1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಮಾತನಾಡಿದ ಗಾಂಧೀಜಿ ಇದೇ ಅಂಶವನ್ನು ಮುಂದಿಟ್ಟರು. ಅವರ ಪಕ್ಕದಲ್ಲಿ ಹೆನ್ರಿ ಸಾಲ್ಟ್ ಕುಳಿತಿದ್ದರು. ವಿದ್ಯಾರ್ಥಿದೆಸೆಯಲ್ಲಿ ಗಾಂಧೀಜಿಯನ್ನು ಪ್ರತಿಜ್ಞೆಯ ಸಸ್ಯಾಹಾರದಿಂದ ವಿಚಾರದ ಸಸ್ಯಾಹಾರಕ್ಕೆ ತಂದದ್ದು ಅವರದೇ ಪುಸ್ತಕ. ಆರೋಗ್ಯಕ್ಕಾಗಿ ಮಾತ್ರ ಮಾಂಸ ಬಿಟ್ಟವರು ಬಹುತೇಕ ಹಿಂದಕ್ಕೆ ಸರಿಯುತ್ತಾರೆ, ನಿಲ್ಲುವವರಿಗೆ ನೈತಿಕವಾದ ನೆಲೆ ಬೇಕು ಎಂಬುದು ಆ ಭಾಷಣದ ಸಾರ. ಆಳುವವರ ಎತ್ತರವನ್ನು ಕಂಡು ಮಾಂಸ ತಿಂದ ಬಾಲಕ ಮುಂದೆ ಹೀಗೆ ಹೇಳಬಲ್ಲವನಾದದ್ದು ಅರ್ಥಪೂರ್ಣ. ಆರೋಗ್ಯದ ಹೇತುವಿನ ಮೇಲೆ ನಿಂತ ವ್ರತವನ್ನು ಪ್ರತಿಯೊಂದು ಹೊಸ ಅಧ್ಯಯನವೂ ಪ್ರಶ್ನಿಸಬಲ್ಲದು. ಪಾರ್ಶ್ವವಾಯುವಿನ ಶೇಕಡ 20 ಅದನ್ನು ಅಲುಗಾಡಿಸಬಲ್ಲದು. ಹಿಂಸೆಯನ್ನು ಬಿಡಬೇಕೆಂಬ ಸಂಕಲ್ಪಕ್ಕೆ ಆ ಅಂಕಿಯಿಂದ ಬಾಧೆಯಿಲ್ಲ. ಹೆಚ್ಚೆಂದರೆ, ವ್ರತವನ್ನು ಪಾಲಿಸುವವನು ತನ್ನ ಊಟದಲ್ಲಿ ಏನನ್ನು ಸರಿಪಡಿಸಿಕೊಳ್ಳಬೇಕೆಂದು ಅದು ತಿಳಿಸುತ್ತದೆ.

ಸಂಶೋಧಕರಿಗೆ ಇದರಿಂದ ಬರುವ ಕರ್ತವ್ಯವೊಂದಿದೆ. ಪ್ರಾಚೀನ ಆಚಾರಗ್ರಂಥಗಳಿಗೆ ‘ವೈಜ್ಞಾನಿಕ ಹಿನ್ನೆಲೆ’ಯನ್ನು ಒದಗಿಸುವ ಉತ್ಸಾಹ ಇಂದು ಹೆಚ್ಚಿದೆ. ನೀರು ಸೋಸುವ ವಿಧಿಗೆ ರೋಗಾಣುಗಳನ್ನು, ಉಪವಾಸಕ್ಕೆ ಜೀವಕೋಶಗಳ ಶುದ್ಧೀಕರಣವನ್ನು, ಕಂದಮೂಲ ವರ್ಜನೆಗೆ ಪಿಷ್ಟದ ಪ್ರಮಾಣವನ್ನು ಕಾರಣವೆಂದು ಬರೆಯಲಾಗುತ್ತಿದೆ. ನೀರು ಸೋಸುವುದರಿಂದ ಕೆಲವು ರೋಗಗಳು ತಪ್ಪಬಹುದು. ಆದರೆ ಗ್ರಂಥಕಾರ ಸೋಸಲು ಹೇಳಿದ್ದು ಕುಡಿಯುವವನ ರಕ್ಷಣೆಗಲ್ಲ, ನೀರಿನ ಜೀವಗಳ ರಕ್ಷಣೆಗೆ. ಫಲವನ್ನು ಹೇತುವಿನ ಸ್ಥಾನದಲ್ಲಿ ಕೂರಿಸಿದಾಗ ತರ್ಕವೂ ಕೆಡುತ್ತದೆ, ಪಠ್ಯದ ಅರ್ಥವೂ ಕೆಡುತ್ತದೆ. ಗ್ರಂಥವನ್ನು ಓದುವಾಗ ‘ಆದುದರಿಂದ’ ಎಂಬುದನ್ನು ಬರೆದವರು ಆಚಾರ್ಯರೋ ನಾವೋ ಎಂದು ಮೊದಲು ಕೇಳಿಕೊಳ್ಳಬೇಕು. ಆಚಾರ್ಯರದಾದರೆ ಪಾತ್ರಸ್ವಾಮಿಯ ಒರೆಗಲ್ಲಿಗೆ ಹಚ್ಚಬೇಕು. ನಮ್ಮದಾದರೆ ಅದು ನಮ್ಮದೆಂದು ಹೇಳಿ ಬರೆಯಬೇಕು.